ಡಂಜನ್ ಅಂದ್ರೆ ನೆಲಮಾಳಿಗೆಯಾ, ಗೋಪುರವಾ? ಯಾರಾದ್ರೂ ಬಿಡಿಸಿ ಹೇಳಿ

ಪ್ಯಾರಿಸ್_ಪುಟ್ಟಿಯಮ್ಮ

ಎಲ್ಲರಿಗೂ ನಮಸ್ಕಾರ. ಯಜಮಾನರ ಕೆಲಸದ ಸಲುವಾಗಿ ಆರು ತಿಂಗಳಿಂದ ಪ್ಯಾರಿಸ್‌ನಲ್ಲಿದ್ದೇವೆ. ಹೋದ ಭಾನುವಾರ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ವಿನ್ಸೆನ್ ಕೋಟೆಗೆ ಹೋಗಿದ್ದೆವು. ಮೆಟ್ರೋ ಒಂದನೇ ಲೈನಿನ ಕೊನೆಯ ಸ್ಟೇಷನ್. ಮೆಟ್ಟಿಲು ಹತ್ತಿ ಹೊರಗೆ ಬಂದರೆ ಕೋಟೆ ಅಲ್ಲೇ ಇದೆ.

ಮಗಳಿಗೆ ಒಂದೇ ಹಟ, ಡಂಜನ್ ನೋಡಬೇಕು. ಗೇಮ್ ಆಡಿ ಆಡಿ ಅವಳ ತಲೆಯಲ್ಲಿ ಡಂಜನ್ ಅಂದರೆ ನೆಲದೊಳಗಿನ ಕತ್ತಲೆ ಕೋಣೆ, ಸರಪಳಿ, ಎಲುಬಿನ ಗೂಡು. ಬಾಣದ ಗುರುತಿನ ಪಕ್ಕ 'ದೊಂಜೋಂ' ಅಂತ ಬರೆದಿತ್ತು. ಅದನ್ನೇ ಹಿಡಿದು ಹೋದರೆ ಎದುರಿಗೆ ಸುಮಾರು 50 ಮೀಟರ್ ಎತ್ತರದ ಕಲ್ಲಿನ ಗೋಪುರ! ಮೂಲೆಗೊಂದು ದುಂಡು ಬುರುಜು. ಒಳಗೆ ರಾಜ ಮಲಗುತ್ತಿದ್ದ ಕೋಣೆ. ನಾವು ಕೆಳಗೆ ಇಳಿಯೋಣ ಅಂತ ಹೋದವರು ಮೇಲೆ ಹತ್ತಿದೆವು.

ಮಗಳಿಗೆ ಮೋಸ ಆಯ್ತು ಅಂತ ಮುನಿಸು. ನನಗೆ ತಲೆಕೆಟ್ಟಿದ್ದು ಬೇರೆ ವಿಷಯಕ್ಕೆ. ಒಂದೇ ಪದ, ಫ್ರೆಂಚ್‌ನಲ್ಲಿ ಕೋಟೆಯ ಅತಿ ಎತ್ತರದ ಜಾಗ, ಇಂಗ್ಲಿಷ್‌ನಲ್ಲಿ ಅತಿ ಕೆಳಗಿನ ಜಾಗ. ಇದು ಹೇಗೆ? ಇನ್ನೊಂದು, ಇವೆರಡಕ್ಕೂ ಕನ್ನಡದಲ್ಲಿ ಏನನ್ನಬೇಕು? ಅವಳ ಅಜ್ಜಿಗೆ ಫೋನಿನಲ್ಲಿ ವಿವರಿಸೋಕೆ ಹೋಗಿ ಸೋತಿದ್ದೇನೆ.

ಸುಮ್ನೆ_ಓದುಗ

ಎರಡೂ ಬೇರೆ ಬೇರೆ ಪದ ಇರಬೇಕು. ಕೇಳೋಕೆ ಒಂದೇ ಥರ ಇದೆ ಅಷ್ಟೇ.

ಪದಹುಳು

ಇಲ್ಲ, ಒಂದೇ ಪದ. ಇಂಗ್ಲಿಷ್‌ನವರು ಫ್ರೆಂಚರಿಂದ ತೆಗೆದುಕೊಂಡಿದ್ದು.

ಹೆಚ್ಚಿನ ನಿಘಂಟುಗಳು ಹೇಳೋದು ಹೀಗೆ. ಲ್ಯಾಟಿನ್‌ನಲ್ಲಿ 'ದೊಮಿನುಸ್' ಅಂದರೆ ಒಡೆಯ. ಅದರಿಂದ ಒಡೆತನ ಅನ್ನೋ ಅರ್ಥದ 'ದೊಮಿನಿಯೊ'. ಅದು ಹಳೆಯ ಫ್ರೆಂಚ್‌ನಲ್ಲಿ ಸವೆದು 'ದೊಂಜೋಂ' ಆಯಿತು. ಅಂದರೆ ಒಡೆಯನ ಗೋಪುರ. ಕೋಟೆಯಲ್ಲಿ ಎಲ್ಲಕ್ಕಿಂತ ಎತ್ತರ, ಎಲ್ಲಕ್ಕಿಂತ ಗಟ್ಟಿ. ಹೊರಗಿನ ಗೋಡೆ ಬಿದ್ದರೂ ಕೊನೆಗೆ ಓಡಿಹೋಗಿ ಬಾಗಿಲು ಹಾಕಿಕೊಳ್ಳೋ ಜಾಗ. ಇಂಗ್ಲಿಷ್‌ಗೆ ಇದು 14ನೇ ಶತಮಾನದ ಹೊತ್ತಿಗೆ ಬಂತು. ಬಂದಾಗ ಅಲ್ಲೂ ಗೋಪುರ ಅನ್ನೋ ಅರ್ಥವೇ ಇತ್ತು, ಜೊತೆಜೊತೆಗೇ ಸೆರೆಮನೆ ಅನ್ನೋ ಅರ್ಥವೂ ಹತ್ತಿಕೊಂಡಿತು.

ಯಾಕೆ ಅಂದರೆ, ಗಟ್ಟಿ ಜಾಗ ಯಾವುದಕ್ಕೆಲ್ಲ ಬೇಕು ಹೇಳಿ? ಒಡವೆ ಇಡೋಕೆ, ಕಾಗದಪತ್ರ ಇಡೋಕೆ, ಕೈದಿಯನ್ನು ಇಡೋಕೆ. ಆಮೇಲೆ ಒಡೆಯರಿಗೆ ಆ ಗಾಳಿ ಬೆಳಕಿಲ್ಲದ ಗೋಪುರ ಬೇಸರವಾಗಿ ಅಂಗಳದಲ್ಲಿ ಚೆನ್ನಾಗಿರೋ ಮನೆ ಕಟ್ಟಿಕೊಂಡರು. ಗೋಪುರದಲ್ಲಿ ಉಳಿದವರು ಕೈದಿಗಳು. ಪದವೂ ಅವರ ಜೊತೆಗೇ ಉಳಿಯಿತು.

ಜರ್ಮನಿ_ಗೌಡ

ಇದೇ ಕೊನೆಯ ಮಾತು ಅಂದುಕೊಳ್ಳಬೇಡಿ. ಇನ್ನೊಂದು ವಾದ ಇದೆ. ಪದ ಲ್ಯಾಟಿನ್‌ನಿಂದ ಅಲ್ಲ, ಹಳೆಯ ಜರ್ಮನಿಕ್ ಕಡೆಯಿಂದ ಬಂತು ಅನ್ನೋದು. ಅಲ್ಲಿ 'ಡುಂಗ್' ಅಂದರೆ ನೆಲದೊಳಗಿನ ಕೋಣೆ. ಚಳಿಗೆ ಮೇಲೆ ಸಗಣಿ ಗೊಬ್ಬರ ಹೊದಿಸುತ್ತಿದ್ದರು, ಹೆಂಗಸರು ಅದರೊಳಗೆ ಕೂತು ಬಟ್ಟೆ ನೇಯುತ್ತಿದ್ದರು. ಇಂಗ್ಲಿಷ್‌ನ 'ಡಂಗ್' ಅದೇ ಮನೆತನ. ಇದು ಕಟ್ಟುಕಥೆಯಲ್ಲ. ರೋಮಿನ ಟಾಸಿಟಸ್ ಸುಮಾರು ಕ್ರಿ.ಶ. 98ರಲ್ಲೇ ಜರ್ಮನರ ಬಗ್ಗೆ ಬರೆಯುವಾಗ, ಇವರು ನೆಲ ತೋಡಿ ಮೇಲೆ ಸಗಣಿ ಪೇರಿಸಿ ಚಳಿ ಕಳೀತಾರೆ, ಧಾನ್ಯ ಇಡ್ತಾರೆ ಅಂತ ಬರೆದಿದ್ದಾನೆ.

ನೆಲದೊಳಗಿನ ಕೋಣೆ ಅನ್ನೋ ಅರ್ಥ ಮೊದಲಿನಿಂದಲೇ ಇದ್ದಿದ್ದರೆ ಈ ಸರ್ಕಸ್ಸೇ ಬೇಡ, ಅಲ್ವಾ?

ರಾಗಿಮುದ್ದೆ_ರಾಯ

ಮುಗೀತು. ರಾಜನ ಗೋಪುರ ಕೊನೆಗೆ ತಿಪ್ಪೆಗುಂಡಿ ಆಯ್ತು.

ಪದಹುಳು

ಗೌಡ್ರೇ, ಆ ವಾದ ಕೇಳಿದ್ದೇನೆ. ಆದರೆ ಒಂದು ತೊಡಕಿದೆ. ನಿಮ್ಮ ಮಾತು ನಿಜವಾಗಿದ್ದರೆ ಫ್ರೆಂಚ್‌ನಲ್ಲಿ ಹಳೆಯ ಅರ್ಥ ನೆಲಮಾಳಿಗೆ ಅಂತ ಇರಬೇಕಿತ್ತು. ಇಲ್ಲವಲ್ಲ. ಫ್ರೆಂಚರಿಗೆ ಇವತ್ತಿಗೂ ದೊಂಜೋಂ ಅಂದರೆ ಗೋಪುರವೇ. ನೆಲದೊಳಗಿನ ಸೆರೆಗೆ ಅವರ ಹತ್ತಿರ ಬೇರೆ ಪದಗಳಿವೆ. ಅದರಲ್ಲೊಂದು 'ಉಬ್ಲಿಯೆತ್'. ಮರೆಯೋದು ಅನ್ನೋ ಕ್ರಿಯಾಪದದಿಂದ ಬಂದದ್ದು. ಹಾಕಿ ಮರೆತುಬಿಡೋ ಗುಂಡಿ.

ಜರ್ಮನಿ_ಗೌಡ

ನಾನು ಪಟ್ಟು ಹಿಡಿಯಲ್ಲ. ಆದರೆ ಪದ ಲ್ಯಾಟಿನ್‌ನದೇ ಆಗಿದ್ದರೂ ಇಂಗ್ಲಿಷ್‌ನಲ್ಲಿ ಅದು ಅಷ್ಟು ಸಲೀಸಾಗಿ ನೆಲದೊಳಗೆ ಇಳಿಯೋಕೆ ಈ ಸಗಣಿ ಪದದ ನೆನಪೂ ಒಂದು ಕೈ ಹಾಕಿರಬಹುದು ಅಂತ ನನ್ನ ಗುಮಾನಿ.

ಇನ್ನು ಉಬ್ಲಿಯೆತ್ ವಿಷಯ. ಅದನ್ನು ಜಾಸ್ತಿ ನಂಬಬೇಡಿ. ಪ್ರವಾಸಿಗರಿಗೆ ತೋರಿಸೋ 'ಮರೆವಿನ ಗುಂಡಿ'ಗಳಲ್ಲಿ ಎಷ್ಟೋ ಬರೀ ನೀರಿನ ತೊಟ್ಟಿ, ದವಸದ ಹಗೇವು, ಇಲ್ಲವೇ ಕಕ್ಕಸಿನ ಗುಂಡಿ. ಇಲ್ಲಿ ಜರ್ಮನಿಯಲ್ಲೂ ಅದೇ ಕಥೆ. ಇಲ್ಲಿನ ಕೋಟೆಗಳ ದೊಡ್ಡ ಗೋಪುರಕ್ಕೆ 'ಬೆರ್ಗ್‌ಫ್ರೀಡ್' ಅಂತಾರೆ. ಬಾಗಿಲು ನೆಲದಲ್ಲಿ ಇರಲ್ಲ, ಎಷ್ಟೋ ಮೀಟರ್ ಮೇಲಿರುತ್ತೆ. ಏಣಿ ಎಳೆದುಕೊಂಡರೆ ಮುಗೀತು. ಒಳಗೆ ಹೋದಮೇಲೆ ನೆಲದಲ್ಲಿ ಒಂದು ಸಣ್ಣ ಚೌಕದ ತೂತು, ಕೆಳಗೆ ಕಿಟಕಿಯಿಲ್ಲದ ಕೋಣೆ. ಆ ತೂತಿಗೆ 'ಆಂಗ್ಸ್ಟ್‌ಲೋಖ್' ಅಂದರೆ ಭಯದ ತೂತು ಅಂತ ಹೆಸರು. ಕೇಳಿದರೇ ಮೈ ಜುಂ ಅನ್ನುತ್ತೆ. ಆದರೆ ಆ ಹೆಸರು ಮಧ್ಯಯುಗದ್ದಲ್ಲ, 19ನೇ ಶತಮಾನದಲ್ಲಿ ಕೋಟೆ ಹುಚ್ಚಿನವರು ಇಟ್ಟಿದ್ದು. ಹೆಚ್ಚಿನ ಕಡೆ ಅದು ಬರೀ ಉಗ್ರಾಣ.

ಅಜ್ಜಿಮನೆ

ನಮ್ಮ ಅಜ್ಜಿಮನೆಯಲ್ಲೂ ಹೀಗೇ ಒಂದು ಹಗೇವು ಇತ್ತು. ಅಂಗಳದಲ್ಲಿ ಸಣ್ಣ ಬಾಯಿ, ಒಳಗೆ ಮಡಕೆ ಹೊಟ್ಟೆಯ ಹಾಗೆ ಅಗಲ. ಜೋಳ, ರಾಗಿ ತುಂಬಿ ಮಣ್ಣು ಮೆತ್ತುತ್ತಿದ್ದರು. ತೆಗೆದ ಕೂಡಲೇ ಯಾರನ್ನೂ ಇಳಿಸುತ್ತಿರಲಿಲ್ಲ, ಒಳಗಿನ ಗಾಳಿಗೆ ಉಸಿರು ಕಟ್ಟುತ್ತೆ ಅಂತ. ಇನ್ನು ಐನೂರು ವರ್ಷ ಬಿಟ್ಟು ಯಾರೋ ಗೈಡು ಇಲ್ಲಿ ಸೊಸೆಯಂದಿರನ್ನು ಕೂಡಿಹಾಕುತ್ತಿದ್ದರು ಅಂತ ಟಿಕೆಟ್ ಹರಿದರೂ ಆಶ್ಚರ್ಯ ಇಲ್ಲ.

ಥೇಮ್ಸ್_ತೀರ

ನಾನು ಲಂಡನ್‌ನಲ್ಲಿದ್ದೇನೆ. ನೆಂಟರು ಬಂದಾಗಲೆಲ್ಲ ಲಂಡನ್ ಟವರ್‌ಗೆ ಹೋಗಿ ಹೋಗಿ ಟಿಕೆಟ್ ದುಡ್ಡಲ್ಲೇ ಒಂದು ಸೈಟ್ ತಗೋಬಹುದಿತ್ತು. ಅಲ್ಲಿನ ಒಂದು ಕಥೆ ಈ ಪ್ರಶ್ನೆಗೆ ಸರಿಯಾಗಿ ಕೂರುತ್ತೆ.

ನಡುವೆ ಇರೋ ವೈಟ್ ಟವರ್ ಇದೆಯಲ್ಲ, ಅದೇ ಅಸಲಿ ದೊಂಜೋಂ. ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ವಿಲಿಯಂ 1070ರ ದಶಕದಲ್ಲಿ ಶುರು ಮಾಡಿದ್ದು. 27 ಮೀಟರ್ ಎತ್ತರ. ಅಲ್ಲಿ ಮೊದಲು ಸೆರೆಯಾದವನು ಅಂತ ಹೆಸರಾದವನು ರಾನಲ್ಫ್ ಫ್ಲಾಂಬಾರ್ಡ್, ಡರ್ಹಮ್‌ನ ಬಿಷಪ್. ಹಿಂದಿನ ರಾಜನಿಗೆ ತೆರಿಗೆ ಕಿತ್ತು ಕೊಡುತ್ತಿದ್ದವನು, ಜನ ಶಾಪ ಹಾಕುತ್ತಿದ್ದರು. 1100ರಲ್ಲಿ ಹೊಸ ರಾಜ ಒಂದನೇ ಹೆನ್ರಿ ಬಂದ ಕೂಡಲೇ ಒಳಗೆ ಹಾಕಿದ. ಎಲ್ಲಿ? ನೆಲದೊಳಗಲ್ಲ. ಮೇಲಿನ ಅಂತಸ್ತಿನಲ್ಲಿ, ಆಳುಕಾಳಿನ ಜೊತೆ.

ಮರುವರ್ಷ ಫೆಬ್ರವರಿಯಲ್ಲಿ ಯಾರೋ ದ್ರಾಕ್ಷಾರಸದ ಪೀಪಾಯಿಯಲ್ಲಿ ಹಗ್ಗ ಮುಚ್ಚಿಟ್ಟು ಕಳಿಸಿದರು. ಸ್ವಾಮಿಗಳು ಕಾವಲಿನವರಿಗೆ ಭರ್ಜರಿ ಊಟ ಹಾಕಿಸಿ ಚೆನ್ನಾಗಿ ಕುಡಿಸಿದರು. ಅವರು ಗೊರಕೆ ಹೊಡೆಯುವಾಗ ಕಿಟಕಿಯ ನಡುಗಂಬಕ್ಕೆ ಹಗ್ಗ ಕಟ್ಟಿ ಇಳಿದೇಬಿಟ್ಟರು. ಕೈಗವುಸು ಹಾಕೋದು ಮರೆತು ಅಂಗೈ ಸುಲಿದುಹೋಯ್ತಂತೆ, ಹಗ್ಗವೂ ಗಿಡ್ಡ ಬಿತ್ತಂತೆ. ಧಪ್ಪನೆ ಬಿದ್ದರೂ ಎದ್ದು, ಕಾಯುತ್ತಿದ್ದ ಕುದುರೆ ಹತ್ತಿ, ಹಡಗು ಹಿಡಿದು ನಾರ್ಮಂಡಿಗೆ ಪರಾರಿ.

ಹೇಳೋಕೆ ಹೊರಟಿದ್ದು ಏನಂದ್ರೆ, ಆ ಕಾಲದಲ್ಲಿ ದೊಡ್ಡ ಮನುಷ್ಯರ ಸೆರೆ ಗೋಪುರದ ಮೇಲೇ ಇರುತ್ತಿತ್ತು. ಸೆರೆ ಅಂದರೆ ಕೆಳಗೇ ಇರಬೇಕು ಅನ್ನೋದು ಆಮೇಲೆ ನಮ್ಮ ತಲೆಗೆ ಹೊಕ್ಕಿದ್ದು.

ರಾಗಿಮುದ್ದೆ_ರಾಯ

ಜೈಲಿನಲ್ಲಿ ವಿಐಪಿ ಕೋಣೆ, ಹೊರಗಿನಿಂದ ಊಟ, ಕಾವಲಿನವರಿಗೆ ಪಾರ್ಟಿ. 900 ವರ್ಷದಲ್ಲಿ ಏನೂ ಬದಲಾಗಿಲ್ಲ ನೋಡಿ.

ನಿರ್ವಾಹಕರು

ರಾಯರೇ, ರಾಜಕೀಯ ಬೇಡ.

ಪ್ಯಾರಿಸ್_ಪುಟ್ಟಿಯಮ್ಮ

ಅಯ್ಯೋ, ಇಷ್ಟು ಬೇಗ ಇಷ್ಟೊಂದು ಉತ್ತರ! ವಿನ್ಸೆನ್ ಗೋಪುರದಲ್ಲೂ ಆಮೇಲೆ ಕೈದಿಗಳನ್ನು ಇಟ್ಟಿದ್ದರಂತೆ. ಮೇಲಿನ ಕೋಣೆಗಳಲ್ಲೇ. 1749ರಲ್ಲಿ ದಿದರೋನನ್ನು, ವಿಶ್ವಕೋಶ ಮಾಡಿದವನು, ಬರೆದ ತಪ್ಪಿಗೆ ಅಲ್ಲೇ ಹಾಕಿದ್ದರು. ಅವನನ್ನು ನೋಡೋಕೆ ಗೆಳೆಯ, ತತ್ವಜ್ಞಾನಿ ರೂಸೋ ಪ್ಯಾರಿಸ್‌ನಿಂದ ನಡೆದುಕೊಂಡು ಹೋಗುತ್ತಿದ್ದನಂತೆ. ನಾವು ಮೆಟ್ರೋದಲ್ಲಿ ಸೀಟು ಸಿಗಲಿಲ್ಲ ಅಂತ ಗೊಣಗಿಕೊಂಡು ಹೋದೆವು.

ಇತಿಹಾಸ_ಪ್ರೇಮಿ_77

ನಮ್ಮ ಶ್ರೀರಂಗಪಟ್ಟಣದಲ್ಲೇ ಡಂಜನ್ ಇರುವಾಗ ಪ್ಯಾರಿಸ್‌ವರೆಗೆ ಯಾಕೆ? ಬೈಲಿ ಡಂಜನ್. ಅಂದಹಾಗೆ 'ಬೈಲಿ' ಅನ್ನೋದೂ ಕೋಟೆಯ ಪದವೇ. ಯುರೋಪಿನ ಕೋಟೆಯಲ್ಲಿ ಗೋಡೆಯೊಳಗಿನ ಅಂಗಳಕ್ಕೆ ಬೈಲಿ ಅಂತಾರೆ. ಅಲ್ಲಿಗೆ ಬೈಲಿ ಡಂಜನ್ ಅಂದರೆ ಅಂಗಳದ ಸೆರೆಮನೆ. ಎಷ್ಟು ಜನಕ್ಕೆ ಇದು ಗೊತ್ತು?

ಗಂಜಾಂ_ಹೈದ

ಸ್ವಾಮಿ, ಸ್ವಲ್ಪ ನಿಲ್ಲಿ. ನಾನು ಅದೇ ಊರಿನವನು. ಬೈಲಿ ಒಬ್ಬ ಮನುಷ್ಯ! ಕರ್ನಲ್ ವಿಲಿಯಂ ಬೈಲಿ. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರು ಕಾಳಗದಲ್ಲಿ ಹೈದರಾಲಿ, ಟಿಪ್ಪು ಕೈಗೆ ಸಿಕ್ಕಿಬಿದ್ದವನು. ಇಲ್ಲಿಗೆ ತಂದು ಇಟ್ಟರು, 1782ರ ನವೆಂಬರ್‌ನಲ್ಲಿ ಸೆರೆಯಲ್ಲೇ ಸತ್ತ. ಗುಂಬಜ್ ಹತ್ತಿರ ಅವನ ಸ್ಮಾರಕವೂ ಇದೆ, 1816ರದ್ದು. ಅದೇ ಕಾಳಗದಲ್ಲಿ ಸೆರೆಸಿಕ್ಕ ಇನ್ನೊಬ್ಬ ಡೇವಿಡ್ ಬೇರ್ಡ್. ಸುಮಾರು ಮೂರೂವರೆ ವರ್ಷ ಸೆರೆಯಲ್ಲಿ ಕೊಳೆತು ಬಿಡುಗಡೆಯಾಗಿ, 1799ರ ಮೇ 4ರಂದು ಇದೇ ಕೋಟೆಗೆ ನುಗ್ಗಿದ ದಂಡಿನ ಮುಂದೆ ನಿಂತವನು ಅವನೇ.

ಡಂಜನ್‌ನಲ್ಲಿ ಮೆಟ್ಟಿಲು ಇಳಿದು ಹೋಗಬೇಕು. ಇಟ್ಟಿಗೆ ಗಾರೆಯ ಕಮಾನುಗಳು, ಬಿಳಿ ಸುಣ್ಣ, ಗೋಡೆಗೆ ಕಟ್ಟಿಹಾಕುವ ಕಲ್ಲುಗಳು. ಒಳಗೆ ಒಂದು ಫಿರಂಗಿ ಬಿದ್ದಿದೆ, ಮೇಲಿನಿಂದ ಚಾವಣಿ ಒಡೆದುಕೊಂಡು ಬಿದ್ದದ್ದು ಅಂತ ಹೇಳ್ತಾರೆ. ಕುತ್ತಿಗೆವರೆಗೆ ನೀರು ಬಿಡುತ್ತಿದ್ದರು ಅಂತ ಗೈಡುಗಳು ಹೇಳೋದುಂಟು. ನಾವು ಚಿಕ್ಕವರಿದ್ದಾಗ ಶಾಲೆ ಬಿಟ್ಟು ಕಣ್ಣಾಮುಚ್ಚಾಲೆ ಆಡುತ್ತಿದ್ದದ್ದು ಅಲ್ಲೇ. ಬೇಸಿಗೆಯಲ್ಲಿ ಅದರಷ್ಟು ತಂಪು ಇಡೀ ಊರಲ್ಲಿ ಇಲ್ಲ.

ಇತಿಹಾಸ_ಪ್ರೇಮಿ_77

ಸರಿ, ಮನುಷ್ಯನ ಹೆಸರು ಅಂತ ಒಪ್ಪಿದೆ. ಆದರೆ ಆ ಮನೆತನದ ಹೆಸರೇ ಕೋಟೆ ಅಂಗಳದಿಂದ ಬಂದಿರಬಹುದಲ್ವಾ?

ಪದಹುಳು

ಅದೂ ಅಲ್ಲ. ಕರ್ನಲ್ಲನ ಹೆಸರು ಸ್ಕಾಟ್‌ಲ್ಯಾಂಡಿನ 'ಬೈಲಿ', ನಮ್ಮ ಕಡೆ ಶಾನುಭೋಗ, ಪಟೇಲ ಅನ್ನೋ ಹಾಗೆ ಒಂದು ಊರಿನ ಅಧಿಕಾರದ ಹೆಸರು. ಅಂಗಳದ 'ಬೈಲಿ' ಬೇರೆ, ಅದು ಫ್ರೆಂಚ್‌ನ 'ಬೈಯ್', ಬೇಲಿ ಹಾಕಿದ ಆವರಣ. ಲಂಡನ್ನಿನ ಹೆಸರಾಂತ ಕೋರ್ಟು ಓಲ್ಡ್ ಬೈಲಿ ಇದೆಯಲ್ಲ, ಅದು ಈ ಎರಡನೆಯದು. ಹಳೆಯ ಊರಗೋಡೆಯ ಪಕ್ಕದ ಬೀದಿಯ ಹೆಸರು.

ಆದರೂ ಪ್ರೇಮಿಗಳೇ, ನಿಮ್ಮ ತಪ್ಪು ಸೊಗಸಾದ ತಪ್ಪು. ಒಂದೇ ಜಾಗದ ಹೆಸರಿನಲ್ಲಿ ಕೋಟೆಯ ಎರಡು ಪದಗಳ ಸದ್ದು ಬರೋದು ಪ್ರಪಂಚದಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ.

ಸುಮ್ನೆ_ಓದುಗ

ಬೈಲಿ, ಬೇಲಿ. ಕನ್ನಡದಿಂದಲೇ ಹೋಗಿದ್ದು ಅಂತ ಇನ್ನೂ ಯಾರೂ ಹೇಳಿಲ್ಲ. ಆಶ್ಚರ್ಯ.

ನಿರ್ವಾಹಕರು

ದಯವಿಟ್ಟು ಆ ಬಾಗಿಲು ತೆರೆಯಬೇಡಿ. ಹೋದ ಸಲ 'ಕೋಟೆ' ಮತ್ತು 'ಕೋಟು' ವಿಷಯಕ್ಕೆ ಇನ್ನೂರು ಉತ್ತರ ಬಂದಿತ್ತು.

ಹುಡೇವು_ಹುಡುಗ

ನಮ್ಮ ಗದಗ ಕಡೆ ಹಳ್ಳಿಯೊಳಗ ಹುಡೇವು ಅಂತ ಇರ್ತಾವ ನೋಡ್ರಿ. ದುಂಡಗಿನ ಕಲ್ಲಿನ ಗೋಪುರ. ಕಳ್ಳಕಾಕರು, ದಂಡಿನವರು ಬಂದಾಗ ಊರಿನವರು ಒಳಗೆ ಸೇರಿಕೊಂಡು ಮೇಲಿನಿಂದ ಕವಣೆ ಬೀಸೋದು, ಕಿಂಡಿಯಿಂದ ಬಂದೂಕು ಹೊಡೆಯೋದು. ಇದು ನಮ್ಮ ದೊಂಜೋಂ ಅಲ್ಲೇನ್ರಿ? ಈಗ ನಮ್ಮೂರ ಹುಡೇವಿನ ಮೇಲೆ ಆಲದ ಗಿಡ ಬೆಳೆದಿದೆ, ಕೆಳಗೆ ಎಮ್ಮೆ ಕಟ್ಟುತ್ತಾರೆ.

ಜರ್ಮನಿ_ಗೌಡ

ಅಂದರೆ ಅಲ್ಲೂ ಕೊನೆಗೆ ಸಗಣಿ. ನನ್ನ ವಾದ ಗೆದ್ದಿತು.

ಪದಹುಳು

ಹುಡೇವು ಹೋಲಿಕೆ ಚೆನ್ನಾಗಿದೆ. ಆದರೆ ಪೂರ್ತಿ ಕೂರಲ್ಲ. ದೊಂಜೋಂ ಅಂದರೆ ಒಡೆಯ ವಾಸ ಮಾಡೋ ಗೋಪುರ. ಅಡುಗೆ, ಪೂಜೆ, ಪಂಚಾಯ್ತಿ, ನಿದ್ದೆ ಎಲ್ಲ ಒಂದರ ಮೇಲೊಂದು. ಹುಡೇವಿನಲ್ಲಿ ಗೌಡರು ಸಂಸಾರ ಮಾಡುತ್ತಿರಲಿಲ್ಲ. ಆ ಲೆಕ್ಕಕ್ಕೆ ಅದು ನಮ್ಮ ಜರ್ಮನಿ ಗೌಡರು ಹೇಳಿದ ಬೆರ್ಗ್‌ಫ್ರೀಡ್‌ಗೆ ಹತ್ತಿರ.

ಕರ್ನಾಟಕದಲ್ಲಿ ಹತ್ತಿರದ್ದು ಬೇಕಂದ್ರೆ ಕಲಬುರಗಿ ಕೋಟೆ ನೋಡಿ. ನಡುವೆ ಬಾಲಾ ಹಿಸಾರ್ ಅಂತ ಒಂದು ದೈತ್ಯ ಕಟ್ಟಡ ಒಂಟಿಯಾಗಿ ನಿಂತಿದೆ. ಮೂಲೆಗಳಲ್ಲಿ ಅರ್ಧ ದುಂಡಗಿನ ಬುರುಜು, ಬಾಗಿಲು ನೆಲದಿಂದ ಎಷ್ಟೋ ಮೇಲೆ. ಹೆಸರಿಗೆ ಪಾರ್ಸಿಯಲ್ಲಿ ಎತ್ತರದ ಕೋಟೆ ಅಂತ ಅರ್ಥ. ಆದರೆ ನಮ್ಮಲ್ಲಿ ಇದು ಅಪರೂಪ. ನಮಗೆ ಬೆಟ್ಟಗಳೇ ಇದ್ದವಲ್ಲ. ಚಿತ್ರದುರ್ಗದವರಿಗೆ ದೊಂಜೋಂ ಯಾಕೆ ಬೇಕು?

ದುರ್ಗದ_ಬಂಡೆ

ಸರಿಯಾಗಿ ಹೇಳಿದ್ರಿ. ನಮ್ಮಲ್ಲಿ ಬಂಡೆಯೇ ಗೋಪುರ, ಏಳು ಸುತ್ತೂ ಅದಕ್ಕೇ ಸುತ್ತಿಕೊಂಡಿದೆ. ಫ್ರಾನ್ಸಿನವರಿಗೆ ಬಯಲು, ಪಾಪ ಅವರೇ ಕಟ್ಟಿಕೊಳ್ಳಬೇಕು.

ಥೇಮ್ಸ್_ತೀರ

ನಿಜಕ್ಕೂ ಹಾಗೇ ಶುರುವಾಗಿದ್ದು. ಬಯಲಿನಲ್ಲಿ ಗುಡ್ಡ ಇಲ್ಲವಾ, ಹಾಗಾದರೆ ಸುತ್ತ ಹಳ್ಳ ತೋಡು, ಆ ಮಣ್ಣು ನಡುವೆ ಪೇರಿಸು, ಮೇಲೆ ಮರದ ಗೋಪುರ ಕಟ್ಟು. ನಾರ್ಮನ್ನರು ಇಂಗ್ಲೆಂಡಿನ ತುಂಬ ಮಾಡಿದ್ದು ಇದೇ. ಆ ದಿಬ್ಬಕ್ಕೆ ಫ್ರೆಂಚ್‌ನಲ್ಲಿ 'ಮೊತ್'.

ಈಗ ಮಜಾ ನೋಡಿ. ಇಂಗ್ಲಿಷ್‌ನಲ್ಲಿ ಕೋಟೆ ಸುತ್ತಿನ ನೀರಿನ ಹಳ್ಳಕ್ಕೆ 'ಮೋಟ್' ಅಂತಾರಲ್ಲ, ಅದು ಇದೇ ಪದ! ದಿಬ್ಬ ಅಂತಿದ್ದದ್ದು ಹಳ್ಳ ಆಯ್ತು. ಡಂಜನ್ ಒಂದೇ ಅಲ್ಲ ಕೆಳಗೆ ಬಿದ್ದಿದ್ದು.

ಪ್ಯಾರಿಸ್_ಪುಟ್ಟಿಯಮ್ಮ

ಇದು ನಿಜವಾ? ದಿಬ್ಬ ಹೋಗಿ ಹಳ್ಳ? ಇಂಗ್ಲಿಷ್‌ನವರಿಗೆ ಮೇಲೆ ಕೆಳಗೆ ಗೊತ್ತಾಗಲ್ವಾ?

ಪದಹುಳು

ನಿಜ. ಇಂಗ್ಲಿಷ್‌ನವರನ್ನು ನಗೋ ಮೊದಲು ನಮ್ಮ ಮನೆ ನೋಡಿಕೊಳ್ಳೋಣ. ಕನ್ನಡದಲ್ಲಿ 'ಏರಿ' ಅಂದರೆ ಏನು? ಕೆರೆಯ ಒಡ್ಡು, ಎತ್ತರದ್ದು. ಗಡಿ ದಾಟಿ ತಮಿಳಿಗೆ ಹೋಗಿ, 'ಏರಿ' ಅಂದರೆ ಕೆರೆಯೇ. ಮಣ್ಣು ತೆಗೆದ ಗುಂಡಿಗೂ ಮಣ್ಣು ಹಾಕಿದ ದಿಬ್ಬಕ್ಕೂ ಕೆಲಸ ಒಂದೇ, ಆದ್ದರಿಂದ ಹೆಸರು ಆ ಕಡೆಯಿಂದ ಈ ಕಡೆಗೆ ಜಾರುತ್ತೆ. 'ಕಟ್ಟೆ'ಯೂ ಅಷ್ಟೇ. ಕಟ್ಟಿದ್ದು ಕಟ್ಟೆ. ಆದರೆ ಹಳೇ ಮೈಸೂರು ಕಡೆ ದನಕ್ಕೆ ಕಟ್ಟೆಯಲ್ಲಿ ನೀರು ಕುಡಿಸ್ಕೊಂಡು ಬಾ ಅಂದರೆ ಆ ಸಣ್ಣ ಕೆರೆ ಅಂತಲೇ ಅರ್ಥ.

ಮಂಡ್ಯದ_ಮಾವ

ಹೌದಲ್ಲ! ಇಷ್ಟು ವರ್ಷ ಎರಡನ್ನೂ ಹೇಳಿಕೊಂಡೇ ಬಂದಿದ್ದೀನಿ, ಒಂದು ದಿನವೂ ತಲೆಗೆ ಹೊಳೆದಿಲ್ಲ. ಕಟ್ಟೆ ಮೇಲೆ ಕೂತ್ಕೋತೀವಿ, ಕಟ್ಟೆಯೊಳಗೆ ಈಜ್ತೀವಿ.

ಸುಮ್ನೆ_ಓದುಗ

ಕೋಟೆ ಸುತ್ತಿನ ಹಳ್ಳಕ್ಕೆ ನಮ್ಮಲ್ಲಿ ಕಂದಕ ಅಂತಾರಲ್ಲ, ಅದು ಎಲ್ಲಿಯದು?

ಪದಹುಳು

ಪಾರ್ಸಿಯ ಅಗೆಯೋದು ಅನ್ನೋ ಪದದಿಂದ ಅರಬ್ಬಿಯ 'ಖಂದಕ್', ಆ ಬಳಗದ್ದು. ನಮ್ಮದೇ ಹಳೆಯ ಪದ 'ಅಗಳು', ಅಗೆ ಅನ್ನೋದರ ನೆಂಟ. ಅಲ್ಲೂ ಅಗೆತ, ಇಲ್ಲೂ ಅಗೆತ. ಬುರುಜು ಅರಬ್ಬಿಯ 'ಬುರ್ಜ್'. ನಮ್ಮದು ಕೊತ್ತಲ. ಕೋಟೆಗೋಡೆಯ ತಲೆಯಲ್ಲಿ ಹಲ್ಲಿನ ಹಾಗೆ ಇರುತ್ತಲ್ಲ, ಅದಕ್ಕೆ ಕನ್ನಡದಲ್ಲಿ 'ತೆನೆ'. ಜೋಳದ ತೆನೆಯೂ ತೆನೆಯೇ. ಗೋಡೆಯ ಮೇಲೆ ಆಳುಗಳು ನಿಂತು ಕಾದಾಡೋ ಜಾಗ 'ಆಳುವೇರಿ'. ಇಷ್ಟು ಒಳ್ಳೆಯ ಪದಗಳು ಕಾವ್ಯದಲ್ಲಿ ಕೂತಿವೆ, ನಾವು ಬೋರ್ಡಿನ ಮೇಲೆ 'ವಾಚ್ ಟವರ್' ಅಂತ ಕನ್ನಡ ಅಕ್ಷರದಲ್ಲಿ ಬರೆಯುತ್ತೇವೆ.

ಗೇಮರ್_ಗುರು

ತಡವಾಗಿ ಬಂದೆ. ಪುಟ್ಟಿಯಮ್ಮನವರ ಮಗಳ ಪರವಾಗಿ ಒಂದು ಮಾತು. 1974ರಲ್ಲಿ ಅಮೆರಿಕದಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟ ಬಂದಮೇಲೆ ಡಂಜನ್ ಅಂದರೆ ಬರೀ ಸೆರೆಮನೆಯೂ ಅಲ್ಲ. ಸುರಂಗ, ಗವಿ, ನಿಧಿ, ಭೂತ, ಎಲ್ಲ ಸೇರಿದ ಚಕ್ರವ್ಯೂಹ. ಈಗಿನ ಗೇಮ್‌ಗಳಲ್ಲಿ ಕಾಡಿನ ನಡುವೆ ಇದ್ದರೂ ಡಂಜನ್ ಅಂತಾರೆ.

ಇನ್ನೂ ತಮಾಷೆ, ಈ ಆಟ ಫ್ರೆಂಚ್‌ಗೆ ಹೋದಾಗ ಹೆಸರು 'ದೊಂಜೋಂ ಎ ದ್ರಾಗೋಂ' ಆಯಿತು. ಅಂದರೆ ಗೋಪುರ ಮತ್ತು ಡ್ರ್ಯಾಗನ್! ಅಲ್ಲಿನ ಹುಡುಗರೂ ಈಗ ದೊಂಜೋಂ ಅಂದುಕೊಂಡು ನೆಲದೊಳಗೆ ಇಳೀತಾರೆ.

ಪದಹುಳು

ತವರುಮನೆ ಬಿಟ್ಟು ಹೋದ ಹುಡುಗಿ ಆರುನೂರು ವರ್ಷ ಆದಮೇಲೆ ಬಂದು ತವರಿನವರಿಗೇ ಭಾಷೆ ಕಲಿಸಿದ ಹಾಗಾಯ್ತು.

ತವರು ಅಂದಕೂಡಲೇ ನೆನಪಾಯ್ತು. ದೊಮಿನುಸ್‌ಗೆ ಮೂಲ 'ದೊಮುಸ್', ಮನೆ. ಸಂಸ್ಕೃತದ 'ದಮ' ಅದರದೇ ಬಳಗ. ವೇದದಲ್ಲಿ 'ದಂಪತಿ' ಅಂದರೆ ಮನೆಯ ಒಡೆಯ ಅನ್ನೋ ಅರ್ಥವೂ ಇದೆ, ಗಂಡಹೆಂಡತಿ ಅನ್ನೋದೂ ಇದೆ. ಹಾಗಾಗಿ ಲಗ್ನಪತ್ರಿಕೆಯ ದಂಪತಿಗೂ ಡಂಜನ್‌ಗೂ ದೂರದ ನೆಂಟಸ್ತನ. ಇಂಗ್ಲಿಷ್‌ನ 'ಡೇಂಜರ್' ಕೂಡ ಅದೇ ದೊಮಿನುಸ್ ವಂಶ. ಮೊದಲ ಅರ್ಥ ಒಡೆಯನ ಅಧಿಕಾರ, ಅವನ ಕೈಗೆ ಸಿಕ್ಕಿರೋದು.

ಮಂಡ್ಯದ_ಮಾವ

ದಂಪತಿ, ಡಂಜನ್, ಡೇಂಜರ್. ಮದುವೆಯಾಗಿ ಮೂವತ್ತೊಂದು ವರ್ಷ ಆಯ್ತು, ನಿಘಂಟು ನೋಡದೇನೇ ಗೊತ್ತಿತ್ತು.

ಅಜ್ಜಿಮನೆ

ಅತ್ತಿಗೆಯವರಿಗೆ ಈ ಲಿಂಕ್ ಕಳಿಸ್ತಿದ್ದೀನಿ ಮಾವ.

ಮಂಡ್ಯದ_ಮಾವ

ಬೇಡಮ್ಮ. ಸುಮ್ನೆ ಹೇಳಿದ್ದು.

ಸುಮ್ನೆ_ಓದುಗ

ಒಂದು ಡೌಟು. ಗೋಪುರದ ಮೇಲಿಂದ ಕುದಿಯೋ ಎಣ್ಣೆ ಸುರಿಯುತ್ತಿದ್ದರು ಅಂತಾರಲ್ಲ, ಅದಕ್ಕೇ ಅಂತ ತೂತು ಬಿಟ್ಟಿರುತ್ತಿದ್ದರಾ?

ಥೇಮ್ಸ್_ತೀರ

ತೂತು ಇರುತ್ತಿತ್ತು. ಗೋಡೆಯ ತಲೆಯನ್ನು ಬಾಲ್ಕನಿಯ ಹಾಗೆ ಹೊರಗೆ ಚಾಚಿ, ಅದರ ತಳದಲ್ಲಿ ಕಿಂಡಿ ಬಿಡೋದು. ನೇರ ಕೆಳಗೆ ನಿಂತವನ ತಲೆ ಮೇಲೆ ಹಾಕಬಹುದು. ಆದರೆ ಹಾಕುತ್ತಿದ್ದದ್ದು ಹೆಚ್ಚಾಗಿ ಕಲ್ಲು, ಬಿಸಿನೀರು, ಕಾದ ಮರಳು. ಎಣ್ಣೆ ದುಬಾರಿ. ಯಾರು ಸುರೀತಾರೆ ಹೇಳಿ?

ಕೊಬ್ಬನ್ನು ನಿಜವಾಗಿ ಬಳಸಿದ್ದು ಹೊರಗಿನವರು. 1215ರಲ್ಲಿ ಇಂಗ್ಲೆಂಡಿನ ಜಾನ್ ರಾಜ ಅಲ್ಲಿನದೇ ರೋಚೆಸ್ಟರ್ ಕೋಟೆಗೆ ಮುತ್ತಿಗೆ ಹಾಕಿದ್ದ. ಗೋಪುರದ ಮೂಲೆಯ ಕೆಳಗೆ ಸುರಂಗ ತೋಡಿ ಮರದ ಊರೆ ಕೊಟ್ಟರು. ಆಮೇಲೆ ರಾಜ ಕಾಗದ ಬರೆದ, ತಿನ್ನೋಕೆ ಲಾಯಕ್ಕಿಲ್ಲದ, ಚೆನ್ನಾಗಿ ಕೊಬ್ಬಿದ ನಲವತ್ತು ಹಂದಿ ಕಳಿಸಿ ಅಂತ. ಆ ಕೊಬ್ಬು ಹಚ್ಚಿ ಊರೆಗೆ ಬೆಂಕಿ ಇಟ್ಟರು, ಮೂಲೆ ಕುಸಿಯಿತು. ಆಮೇಲೆ ಆ ಮೂಲೆಯನ್ನು ದುಂಡಗೆ ಕಟ್ಟಿದರು. ಈಗಲೂ ಹೋಗಿ ನೋಡಬಹುದು, ಮೂರು ಮೂಲೆ ಚೌಕ, ಒಂದು ದುಂಡು.

ಹುಡೇವು_ಹುಡುಗ

ತಿನ್ನೋಕೆ ಲಾಯಕ್ಕಿಲ್ಲದ್ದು ಅಂತ ಬೇರೆ ಬರೆದಾನಲ್ರಿ. ಲೆಕ್ಕದ ಮನಷ್ಯಾ.

ಇತಿಹಾಸ_ಪ್ರೇಮಿ_77

ಈ ರೋಚೆಸ್ಟರ್ ಗೋಪುರವನ್ನು ಇಂಗ್ಲಿಷ್‌ನಲ್ಲಿ 'ಕೀಪ್' ಅಂತಾರೆ, ಡಂಜನ್ ಅಲ್ಲ. ಕೈದಿಗಳನ್ನು 'ಕೀಪ್' ಮಾಡೋದರಿಂದ ಕೀಪ್. ಈ ಸಲ ಸರಿ ತಾನೇ?

ಪದಹುಳು

ಕ್ಷಮಿಸಿ ಸಾರ್, ಈ ಸಲವೂ ಕಷ್ಟ. ಬುಟ್ಟಿ ಅಥವಾ ಪೀಪಾಯಿ ಅನ್ನೋ ಅರ್ಥದ 'ಕೈಪ್' ಅನ್ನೋ ಹಳೆಯ ಪದದಿಂದ ಬಂದದ್ದು ಅಂತಾರೆ. 1370ರ ದಶಕದಲ್ಲಿ ಇಂಗ್ಲಿಷರ ಕೈಯಲ್ಲಿದ್ದ ಫ್ರಾನ್ಸಿನ ಗೀನ್ ಕೋಟೆಯ ದುಂಡು ಗೋಪುರ ಪೀಪಾಯಿಯ ಹಾಗೆ ಕಾಣುತ್ತಿತ್ತಂತೆ. 16ನೇ ಶತಮಾನದಿಂದ ಎಲ್ಲ ಗೋಪುರಕ್ಕೂ ಕೀಪ್ ಅನ್ನೋದು ರೂಢಿಯಾಯ್ತು. ಆ ಹೊತ್ತಿಗೆ ಡಂಜನ್ ಅಂದರೆ ಸೆರೆಮನೆ ಅಂತ ಜನರ ಬಾಯಲ್ಲಿ ಕೂತಾಗಿತ್ತು, ಗೋಪುರಕ್ಕೆ ಒಂದು ಹೊಸ ಹೆಸರು ಬೇಕೂ ಆಗಿತ್ತು.

ಇತಿಹಾಸ_ಪ್ರೇಮಿ_77

ಇನ್ನು ಮೇಲೆ ಬರೀ ಓದ್ತೀನಿ.

ದುರ್ಗದ_ಬಂಡೆ

ಬೇಡ ಸಾರ್. ನೀವು ತಪ್ಪು ಹೇಳಿದ್ದಕ್ಕೇ ಅಲ್ವಾ ನಮಗೆ ಇಷ್ಟು ಗೊತ್ತಾಗಿದ್ದು.

ಪ್ಯಾರಿಸ್_ಪುಟ್ಟಿಯಮ್ಮ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಆದರೆ ನನ್ನ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಕನ್ನಡದಲ್ಲಿ ಏನನ್ನಲಿ?

ಹುಡೇವು_ಹುಡುಗ

ಕೆಳಗಿನದಕ್ಕೆ ನೆಲಸೆರೆ. ನೆಲಮಾಳಿಗೆ ಇದ್ದ ಹಾಗೆ.

ಗಂಜಾಂ_ಹೈದ

ನೆಲಸೆರೆ ಚೆನ್ನಾಗಿದೆ. ಮೇಲಿನದಕ್ಕೆ ಒಡೆಯಗೋಪುರ?

ರಾಗಿಮುದ್ದೆ_ರಾಯ

ಅವಸರದಲ್ಲಿ 'ವಡೆ ಗೋಪುರ' ಅಂತ ಓದಿದೆ. ಮದ್ದೂರಿನಲ್ಲಿ ಕಟ್ಟಿಸಬಹುದು.

ಮಂಡ್ಯದ_ಮಾವ

ಮದ್ದೂರು ವಡೆ ಚಪ್ಪಟೆ ಕಣಪ್ಪ. ಪೇರಿಸಿದರೆ ಗೋಪುರ ಆಗುತ್ತೆ, ಆದರೆ ಈರುಳ್ಳಿ ಜಾಸ್ತಿ ಹಾಕಿದರೆ ನಿಲ್ಲಲ್ಲ.

ಜರ್ಮನಿ_ಗೌಡ

ಇಲ್ಲಿ ಮೈನಸ್ ಎರಡು ಡಿಗ್ರಿ. ವಡೆ ಮಾತು ಎತ್ತಿದವರಿಗೆ ನೆಲಸೆರೆ.

ಪದಹುಳು

ನನ್ನ ಕೇಳಿದರೆ ಹೊಸ ಪದ ಕಟ್ಟೋದೇ ಬೇಡ. ಫ್ರಾನ್ಸಿನದನ್ನು ದೊಂಜೋಂ ಅಂತಲೇ ಕರೆದು ಒಂದು ಸಲ ದೊಡ್ಡ ಗೋಪುರ ಅಂತ ಬಿಡಿಸಿ ಹೇಳಿ. ಅಜ್ಜಿಗೆ ಅಷ್ಟು ಸಾಕು.

ಪ್ಯಾರಿಸ್_ಪುಟ್ಟಿಯಮ್ಮ

ಅಜ್ಜಿಗೆ ನಿನ್ನೆ ರಾತ್ರಿಯೇ ಫೋನ್ ಮಾಡಿ ಎಲ್ಲ ಹೇಳಿದೆ. ಪೂರ್ತಿ ಕೇಳಿ, 'ಅದೇ ನಮ್ಮ ಅಟ್ಟದ ಹಾಗೆ ಬಿಡು, ಮೊದಲು ನಿಮ್ಮ ತಾತ ಅಲ್ಲಿ ಮಲಗ್ತಿದ್ರು, ಈಗ ಹಳೇ ಸಾಮಾನು ಹಾಕಿ ಬೀಗ ಜಡಿದಿದೀವಿ' ಅಂದರು. ಮಗಳು ಮುಂದಿನ ರಜೆಗೆ ಶ್ರೀರಂಗಪಟ್ಟಣ ಅಂತ ಈಗಲೇ ಪಟ್ಟಿ ಹಾಕಿಕೊಂಡಿದ್ದಾಳೆ. ಗಂಜಾಂ ಅವರೇ, ಅಲ್ಲಿ ನಿಜವಾಗಿಯೂ ಕೆಳಗೆ ಇಳೀಬೇಕು ತಾನೇ?

ಗಂಜಾಂ_ಹೈದ

ಇಳೀಲೇಬೇಕು ಅಕ್ಕ. ಬರೋ ಮುಂಚೆ ಒಂದು ಮೆಸೇಜ್ ಹಾಕಿ. ಮಳೆಗಾಲದಲ್ಲಿ ಮೆಟ್ಟಿಲು ಜಾರುತ್ತೆ, ಮಗುವಿಗೆ ಒಳ್ಳೆ ಚಪ್ಪಲಿ ಹಾಕಿಸಿಕೊಂಡು ಬನ್ನಿ.